ವಿಮಾನಕ್ಕಿಂತ ಮೊದಲು ಮೇಜು: ಮನೆಯಲ್ಲೇ ವಿಮಾನ ಕಟ್ಟುವವರಿಗೆ ಅಲುಗಾಡದ, ಸಪಾಟಾದ ವರ್ಕ್‌ಶಾಪ್ ಮೇಜು

ವಿಮಾನದ ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಭಾಗಕ್ಕೆ ಎಲಿವೇಟರ್ ಅನ್ನುತ್ತಾರೆ. ನಾನು ಕಟ್ಟಿದ ಮೊದಲ ಎಲಿವೇಟರ್‌ಗೆ ಕೊನೆಯ ರಿವೆಟ್ (ತಗಡು ಜೋಡಿಸುವ ಮೊಳೆ) ಹೊಡೆದ ಮೇಲೆ ಅದನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿದೆ. ಹಿಂದಿನ ಅಂಚು ಮತ್ತು ಕೀಲಿನ ಸಾಲು ಒಂದರ ಮೇಲೊಂದು ಕೂರಬೇಕಿತ್ತು. ಈ ತುದಿಯಲ್ಲಿ ಕೂತಿದ್ದವು. ಆ ತುದಿಯಲ್ಲಿ 3 ಮಿ.ಮೀ. ದೂರ ಸರಿದಿದ್ದವು. ಒಳಗೆ ಆಕಾರ ಕೊಡುವ ರಿಬ್‌ಗಳಲ್ಲಿ ತಪ್ಪಿರಲಿಲ್ಲ, ತಗಡಿನಲ್ಲೂ ಇರಲಿಲ್ಲ. ತಪ್ಪು ಇದ್ದಿದ್ದು ಕೆಳಗಿನ ಮೇಜಿನಲ್ಲಿ. ಸರಿಯಾಗಿ ಒಣಗದ ಮರದಲ್ಲಿ ಅವಸರದಿಂದ ಮಾಡಿದ್ದೆ. ನಾಲ್ಕು ತಿಂಗಳಲ್ಲಿ ಅದರ ಒಂದು ಮೂಲೆ ಮೇಲೆದ್ದಿತ್ತು, ಎಲಿವೇಟರ್ ಅದನ್ನೇ ನಕಲು ಮಾಡಿಕೊಂಡಿತ್ತು. ಅಷ್ಟೂ ರಿವೆಟ್ ಡ್ರಿಲ್ ಮಾಡಿ ತೆಗೆದೆ. ಆಮೇಲೆ ಹೊಸ ಮೇಜು ಕಟ್ಟಿದೆ. ಅದನ್ನು ಕಟ್ಟಿದ ರೀತಿಯನ್ನೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಮನಸ್ಸಿಗೆ ಬರಬೇಕು. ರೆಕ್ಕೆ, ಎಲಿವೇಟರ್, ರಡ್ಡರ್ (ಮೂಗನ್ನು ಎಡ ಬಲಕ್ಕೆ ತಿರುಗಿಸುವ ಬಾಲದ ಭಾಗ) ಎಲ್ಲವೂ ಮುಚ್ಚಿದ ಪೆಟ್ಟಿಗೆಗಳು. ಒಂದು ಬದಿ ತೆರೆದಿರುವಾಗ ಅವನ್ನು ಕೈಯಲ್ಲೇ ತಿರುಚಬಹುದು, ನೆಟ್ಟಗೂ ಮಾಡಬಹುದು. ಕೊನೆಯ ತಗಡು ಕೂತ ಮೇಲೆ ಪೆಟ್ಟಿಗೆ ಗಟ್ಟಿಯಾಗುತ್ತದೆ. ಆ ಗಳಿಗೆಯಲ್ಲಿ ಎಷ್ಟು ತಿರುಚು ಇತ್ತೋ ಅಷ್ಟೂ ಒಳಗೇ ಉಳಿದುಬಿಡುತ್ತದೆ. ಎಡ ರೆಕ್ಕೆ ಬಲ ರೆಕ್ಕೆಗಿಂತ ಅರ್ಧ ಡಿಗ್ರಿ ಬೇರೆಯಾಗಿ ತಿರುಚಿಕೊಂಡರೂ ವಿಮಾನ ಒಂದು ಕಡೆಗೆ ವಾಲುತ್ತಲೇ ಇರುತ್ತದೆ. ಹಾರುವಾಗಲೆಲ್ಲ ಪೈಲಟ್ ಸ್ಟಿಕ್ ಹಿಡಿದು ಅದನ್ನು ಸರಿದೂಗಿಸಬೇಕು. 1200 ಮಿ.ಮೀ. ಅಗಲದ ರೆಕ್ಕೆಯಲ್ಲಿ ಅರ್ಧ ಡಿಗ್ರಿ ಅಂದರೆ ಬರೀ 10 ಮಿ.ಮೀ. ಮೇಜಿನ ಒಂದು ಮೂಲೆಯಲ್ಲಿ ನಾಲ್ಕು, ರಿಬ್ ಕೂರಿಸುವಾಗ ಮೂರು, ಡ್ರಿಲ್ ಮಾಡುವಾಗ ಮೂರು ಸೇರಿದರೆ ಅಲ್ಲಿಗೆ ಹತ್ತಾಯಿತು ಅಲ್ವಾ?

ಸಪಾಟು ಬೇರೆ, ಮಟ್ಟ ಬೇರೆ

ಈ ಎರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಮೇಲ್ಮೈಯ ಎಲ್ಲ ಜಾಗವೂ ಒಂದೇ ಸಮತಲದಲ್ಲಿದ್ದರೆ ಅದು ಸಪಾಟು. ಆ ಸಮತಲ ಯಾವ ಕಡೆಗೂ ಇಳಿಜಾರಾಗದೆ ಇದ್ದರೆ ಅದು ಮಟ್ಟ. ಸಪಾಟಾಗಿದ್ದು ಒಂದು ಕಡೆಗೆ ಸ್ವಲ್ಪ ಇಳಿಜಾರಾದ ಮೇಜಿನ ಮೇಲೂ ನೆಟ್ಟಗಿನ ರೆಕ್ಕೆ ಕಟ್ಟಬಹುದು. ನಾಲ್ಕೂ ಅಂಚು ಹೆಚ್ಚುಕಡಿಮೆ ಮಟ್ಟವಾಗಿದ್ದು ನಡುವೆ ಉಬ್ಬಿರುವ ಮೇಜಿನ ಮೇಲೆ ಆಗುವುದಿಲ್ಲ. ಹಾಗಾದರೆ ಮಟ್ಟ ಯಾಕೆ ಬೇಕು? ಮೇಜು ಮಟ್ಟವಾಗಿದ್ದರೆ ರಸಮಟ್ಟ, ತೂಗುಗುಂಡು, ನೀರಿನ ಟ್ಯೂಬ್ ಎಲ್ಲವನ್ನೂ ನೇರವಾಗಿ ವಿಮಾನದ ಭಾಗದ ಮೇಲೇ ಇಟ್ಟು ಅಳೆಯಬಹುದು. ಪ್ರತಿ ಸಲ ಕೂಡಿಸಿ ಕಳೆಯುವ ಲೆಕ್ಕ ಇರುವುದಿಲ್ಲ.

2.4 ಮೀಟರ್ ಉದ್ದದಲ್ಲಿ ಅರ್ಧ ಮಿ.ಮೀ. ಒಳಗೆ ಬಂದರೆ ಬಹಳ ಚೆನ್ನಾಗಿದೆ. 1 ಮಿ.ಮೀ. ಆದರೂ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಬಿಡಬೇಡಿ, ಸರಿ ಮಾಡಿ.

ಅಳತೆ ತೀರ್ಮಾನಿಸುವುದು

ತಗಡಿನ ವಿಮಾನ ಕಟ್ಟುವವರಿಗೆ ಎರಡು ಬಗೆಯ ಮೇಜು ಬೇಕಾಗುತ್ತದೆ. ಒಂದು, ದಿನನಿತ್ಯದ ಚಿಕ್ಕ ಮೇಜು. 1953ರಲ್ಲಿ ಪಾಲ್ ಪೊಬೆರೆಜ್ನಿ ಅಮೆರಿಕದ ಮಿಲ್ವಾಕಿಯಲ್ಲಿ ಶುರು ಮಾಡಿದ ಇಎಎ ಎಂಬ, ಮನೆಯಲ್ಲೇ ವಿಮಾನ ಕಟ್ಟುವವರ ಸಂಘದ 1000ನೇ ಚಾಪ್ಟರ್ (ಸ್ಥಳೀಯ ಶಾಖೆ) ಇಂಥದ್ದೊಂದು ಮೇಜಿನ ನಕ್ಷೆ ಮಾಡಿತ್ತು. 2 ಅಡಿ ಅಗಲ, 5 ಅಡಿ ಉದ್ದ. ಇಂಥವನ್ನು ಜೋಡಿಯಾಗಿ ಮಾಡಿಕೊಂಡರೆ ಬೇಕಾದಾಗ ಸೇರಿಸಬಹುದು, ಬೇಡವಾದಾಗ ದೂರ ಸರಿಸಬಹುದು. ಎರಡರ ನಡುವೆ ಡಿಂಪಲ್ (ರಿವೆಟ್ ತಲೆ ಕೂರಲು ತಗಡಿನಲ್ಲಿ ಮಾಡುವ ತಗ್ಗು) ಹೊಡೆಯುವ ಸಿ-ಫ್ರೇಮ್ ಎಂಬ ಸಲಕರಣೆ ಇಟ್ಟು, ದೊಡ್ಡ ತಗಡನ್ನು ಎರಡೂ ಮೇಜಿನ ಮೇಲೆ ಆನಿಸಬಹುದು. ಇನ್ನೊಂದು, ರೆಕ್ಕೆ, ಬಾಲದ ಭಾಗ, ಬಾಡಿಯ ಬದಿಗಳಿಗೆ ಬೇಕಾದ ದೊಡ್ಡ ಮೇಜು. ತಪ್ಪಿದರೆ ಕಷ್ಟ ಕೊಡುವುದು ಈ ದೊಡ್ಡದೇ. ಹಾಗಾಗಿ ಮುಂದೆ ಹೇಳುವುದೆಲ್ಲ 2400 × 1200 ಮಿ.ಮೀ. ಮೇಜಿನ ಬಗ್ಗೆ. ಇನ್ನೂ ಉದ್ದ ಬೇಕಾದರೆ ಇಂಥ ಎರಡನ್ನು ಜೋಡಿಸಿದರೆ 4.8 ಮೀಟರ್ ಆಗುತ್ತದೆ.

ಎತ್ತರ ನಿಮ್ಮ ಮೈಗೆ ತಕ್ಕಂತೆ ಇರಲಿ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿ ಬರುತ್ತದೋ ಅಲ್ಲಿಂದ ಒಂದೆರಡು ಬೆರಳು ಮೇಲೆ. ಹೆಚ್ಚಿನವರಿಗೆ 850ರಿಂದ 900 ಮಿ.ಮೀ. ಸರಿಹೋಗುತ್ತದೆ. ಸುತ್ತಲೂ ಓಡಾಡಲು 900 ಮಿ.ಮೀ. ಜಾಗ ಬಿಡಿ. ಮೇಲ್ಭಾಗದ ಅಂಚು ಕಾಲುಗಳಿಂದ 80–100 ಮಿ.ಮೀ. ಹೊರಗೆ ಚಾಚಿರಲಿ. ಇಲ್ಲದಿದ್ದರೆ ಕ್ಲಾಂಪ್ ಹಾಕಲು ಜಾಗವೇ ಸಿಗುವುದಿಲ್ಲ.

ದಪ್ಪ ಮರ ಬೇಡ, ಟೊಳ್ಳು ಪೆಟ್ಟಿಗೆ ಮಾಡಿ

ದಪ್ಪ ದಿಮ್ಮಿ ಹಾಕಿದರೆ ಮೇಜು ಗಟ್ಟಿ ಎನ್ನುವುದು ಸಾಮಾನ್ಯ ನಂಬಿಕೆ. ಭಾರ ಹೊರಲು ಅದು ಸರಿ. ಆದರೆ ಮರ ಹವೆಯ ತೇವ ಹೀರುತ್ತದೆ, ಬಿಡುತ್ತದೆ, ಎಳೆಯ ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ. ದಪ್ಪ ಮರದ ಒಂದು ಬದಿ ಇನ್ನೊಂದಕ್ಕಿಂತ ಬೇಗ ಒಣಗಿದರೆ ಸೊಟ್ಟಗಾಗುತ್ತದೆ. ಪ್ಲೈವುಡ್‌ನಲ್ಲಿ ಪದರಗಳ ಎಳೆ ಅಡ್ಡಡ್ಡ ಇರುವುದರಿಂದ ಈ ಕಾಟ ತುಂಬಾ ಕಡಿಮೆ.

ಅದಕ್ಕೇ ನಾನು ಹೇಳುವುದು ಟಾರ್ಷನ್ ಬಾಕ್ಸ್. ಕೆಳಗೊಂದು ತೆಳು ಹಾಳೆ, ಮೇಲೊಂದು ತೆಳು ಹಾಳೆ, ನಡುವೆ ಪ್ಲೈವುಡ್ ಪಟ್ಟಿಗಳ ಜಾಲ. ಅಂದರೆ ರೆಕ್ಕೆಯ ಕಟ್ಟಡವೇ. ದಪ್ಪ ಎರಡರಷ್ಟಾದರೆ ಬಾಗದೆ ನಿಲ್ಲುವ ಶಕ್ತಿ ಹೆಚ್ಚುಕಡಿಮೆ ಎಂಟರಷ್ಟಾಗುತ್ತದೆ. ಹಾಗಾಗಿ 40 ಮಿ.ಮೀ. ಗಟ್ಟಿ ಹಲಗೆಗಿಂತ 120 ಮಿ.ಮೀ. ಟೊಳ್ಳು ಪೆಟ್ಟಿಗೆ ಎಷ್ಟೋ ಗಡುಸು. ಇದನ್ನು ಕಟ್ಟುವಾಗ ಕಲಿತದ್ದು ಮುಂದೆ ರೆಕ್ಕೆ ಮುಚ್ಚುವಾಗಲೂ ಹಾಗೇ ಕೈಗೆ ಬರುತ್ತದೆ.

ಬೇಕಾಗುವ ಸಾಮಾನು:

– 18 ಮಿ.ಮೀ. ಪ್ಲೈವುಡ್‌ನಿಂದ ಸೀಳಿದ 100 ಮಿ.ಮೀ. ಅಗಲದ ಪಟ್ಟಿಗಳು, ಒಟ್ಟು ಸುಮಾರು 23 ಮೀಟರ್
– ಕೆಳಹಾಳೆಗೆ 9 ಮಿ.ಮೀ. ಪ್ಲೈವುಡ್, ಮೇಲ್ಹಾಳೆಗೆ 12 ಮಿ.ಮೀ. ಪ್ಲೈವುಡ್
– ಎಲ್ಲಕ್ಕಿಂತ ಮೇಲೆ ಹಾಸಲು 18 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ)
– ಮರದ ಬಿಳಿ ಗೋಂದು, 30 ಮಿ.ಮೀ. ಸ್ಕ್ರೂ, ಕಾಲುಗಳಿಗೆ ಒಣಗಿದ ಮರ, ಎಂ16 (16 ಮಿ.ಮೀ. ದಪ್ಪದ) ಬೋಲ್ಟು ಮತ್ತು ನಟ್ಟು

ಎಲ್ಲ ಸೇರಿ ಮೇಲ್ಭಾಗವೇ 100 ಕೆಜಿ ಹತ್ತಿರ ತೂಗುತ್ತದೆ. ಎಂಡಿಎಫ್ ಒಂದೇ ಸುಮಾರು 38 ಕೆಜಿ. ಎತ್ತಲು ಜನ ಬೇಕು, ಅದನ್ನು ಮೊದಲೇ ಯೋಚಿಸಿ.

ಪಟ್ಟಿ ಸೀಳುವಾಗ ಒಂದೇ ನಿಯಮ. ಗರಗಸದ ಅಳತೆಪಟ್ಟಿಯನ್ನು 100ಕ್ಕೆ ಬಿಗಿದ ಮೇಲೆ ಎಲ್ಲ ಪಟ್ಟಿಯೂ ಮುಗಿಯುವವರೆಗೆ ಅದನ್ನು ಮುಟ್ಟಬೇಡಿ. ಪಟ್ಟಿಗಳು 100ರ ಬದಲು 99.5 ಆದರೆ ಏನೂ ತೊಂದರೆ ಇಲ್ಲ. ಎಲ್ಲವೂ 99.5 ಆಗಿರಬೇಕು ಅಷ್ಟೇ.

ಹಳಿ ಕೂರಿಸುವುದು: ಅರ್ಧ ದಿನ ಇದಕ್ಕೇ ಕೊಡಿ

ಪೆಟ್ಟಿಗೆಯನ್ನು ಯಾವುದರ ಮೇಲೆ ಅಂಟಿಸುತ್ತೀರೋ ಅದರಷ್ಟೇ ಅದು ಸಪಾಟಾಗುತ್ತದೆ. ನೆಲದ ಮೇಲೆ ಅಂಟಿಸಿದರೆ ನೆಲದ ಓರೆಕೋರೆ ಅದಕ್ಕೆ ಬರುತ್ತದೆ. ಕಾಂಕ್ರೀಟ್ ನೆಲ ಕಣ್ಣಿಗೆ ಸಪಾಟಾಗಿ ಕಂಡರೂ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುವುದುಂಟು. ನೂರಕ್ಕೆ ಒಂದರ ಇಳಿಜಾರಿದ್ದರೂ 2.4 ಮೀಟರಿಗೆ 24 ಮಿ.ಮೀ. ಆಯಿತು.

ಹಾಗಾಗಿ ಮೂರು ಹಳಿ ಬೇಕು. ಎರಡು ಪ್ಲೈವುಡ್ ಪಟ್ಟಿ ಸೇರಿಸಿ ಅಂಟಿಸಿದ, 150 ಮಿ.ಮೀ. ಎತ್ತರದ, 2400 ಉದ್ದದ ಹಳಿಗಳು ಸಾಕು. ಎರಡು ಹಳಿಗಳ ಅಂಚನ್ನು ಮುಖಾಮುಖಿ ಇಟ್ಟು ಬೆಳಕಿಗೆ ಹಿಡಿಯಿರಿ. ಎರಡರ ಅಂಚೂ ನಡುವೆ ಅಷ್ಟಷ್ಟೇ ತಗ್ಗಿದ್ದರೆ ಅಥವಾ ಉಬ್ಬಿದ್ದರೆ ಸಂದು ಎರಡು ಪಟ್ಟಾಗಿ ಕಾಣುತ್ತದೆ. ಉಬ್ಬಿದ ಕಡೆ ಹತ್ತರಿ ಹೊಡೆದು ಮತ್ತೆ ನೋಡಿ. ಮೂರನ್ನೂ ಒಂದರೊಡನೆ ಒಂದು ಹೀಗೆ ಹೋಲಿಸಿದರೆ ಯಾವುದು ನೆಟ್ಟಗಿಲ್ಲ ಎಂದು ಗೊತ್ತಾಗುತ್ತದೆ.

ಹಳಿಗಳನ್ನು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಉದ್ದಕ್ಕೆ ಜೋಡಿಸಿ. ಎರಡು ಹೊರಗೆ, ಒಂದು ನಡುವೆ. ರಸಮಟ್ಟ ಇಟ್ಟು ಸುಮಾರಾಗಿ ಸರಿ ಮಾಡಿ. ಆಮೇಲೆ ದಾರದ ಪರೀಕ್ಷೆ. ಹೊರಗಿನ ಹಳಿಗಳ ನಾಲ್ಕು ತುದಿಗಳಿಂದ ಮೂಲೆಯಿಂದ ಮೂಲೆಗೆ ಎರಡು ತೆಳು ದಾರ ಬಿಗಿಯಾಗಿ ಎಳೆಯಿರಿ. ನಾಲ್ಕೂ ತುದಿ ಒಂದೇ ಸಮತಲದಲ್ಲಿದ್ದರೆ ದಾರಗಳು ನಡುವೆ ಒಂದನ್ನೊಂದು ಸುಮ್ನೆ ಸವರಬೇಕು. ಒಂದು ಇನ್ನೊಂದನ್ನು ತಳ್ಳಬಾರದು, ಸಂದೂ ಇರಬಾರದು. ಕೆಳಗಿನ ದಾರವನ್ನು ಮೇಲೆ ತಂದು ಇನ್ನೊಂದು ಸಲ ನೋಡಿ. ಈ ಪರೀಕ್ಷೆಯಲ್ಲಿ ಒಂದು ವಿಷಯ ನೆನಪಿಡಿ. ಒಂದೇ ಮೂಲೆ 4 ಮಿ.ಮೀ. ಎದ್ದಿದ್ದರೆ ನಡುವೆ ಕಾಣುವ ಸಂದು 2 ಮಿ.ಮೀ. ಮಾತ್ರ. ಅಂದರೆ ಅಲ್ಲಿ ಕಂಡ ಸಂದಿನ ಎರಡರಷ್ಟು ಮೂಲೆಯನ್ನು ಇಳಿಸಬೇಕು.

ದಾರ ನಾಲ್ಕು ಮೂಲೆಯ ಸುದ್ದಿ ಮಾತ್ರ ಹೇಳುತ್ತದೆ. ನಡುವಿನ ಹಳಿಯನ್ನು ನೇರ ಪಟ್ಟಿ ಅಡ್ಡ ಇಟ್ಟು ಮೂರು ಕಡೆ ನೋಡಿ ಸರಿ ಮಾಡಿ. ಕೆಳಗೆ ಕಾಗದದ ಚೂರು ಸೇರಿಸುತ್ತಾ ಹೋಗಿ. ಸಾಮಾನ್ಯ ಕಾಗದ ಒಂದು ಪದರ ಅಂದರೆ 0.1 ಮಿ.ಮೀ. ಎಲ್ಲ ಸರಿಹೋದ ಮೇಲೆ ಹಳಿಗಳನ್ನು ಸ್ಟ್ಯಾಂಡ್‌ಗೆ ಸ್ಕ್ರೂ ಹಾಕಿ, ಮತ್ತೊಮ್ಮೆ ದಾರ ಎಳೆದು ನೋಡಿ. ಸ್ಕ್ರೂ ಬಿಗಿಯುವಾಗ ಅಳತೆ ಕದಲುವುದು ಬಹಳ ಸಾಮಾನ್ಯ.

ಪೆಟ್ಟಿಗೆ ಅಂಟಿಸುವುದು

ಉದ್ದದ ಪಟ್ಟಿ 5, ತಲಾ 2400 ಮಿ.ಮೀ., 300 ಮಿ.ಮೀ.ಗೆ ಒಂದರಂತೆ. ಅವುಗಳ ನಡುವೆ ಅಡ್ಡ ಪಟ್ಟಿಗಳ ತುಂಡುಗಳು, 9 ಸಾಲು, ಅವೂ 300 ಮಿ.ಮೀ.ಗೆ ಒಂದು. ಹೊರಗಿನ ಎರಡು ಮತ್ತು ನಡುವಿನ ಉದ್ದ ಪಟ್ಟಿಗಳು ಹಳಿಯ ಮೇಲೆ ಸರಿಯಾಗಿ ಕೂರಲಿ. ಹಳಿಯ ಮೇಲೆ ಮೊದಲೇ ಪ್ಲಾಸ್ಟಿಕ್ ಟೇಪ್ ಅಂಟಿಸಿ, ಇಲ್ಲದಿದ್ದರೆ ಮೇಜಿನ ಜೊತೆ ಹಳಿಯೂ ಅಂಟಿಕೊಳ್ಳುತ್ತದೆ. ಕೂಡುವಲ್ಲೆಲ್ಲ ಗೋಂದು, ಎರಡೆರಡು ಸ್ಕ್ರೂ. ಜಾಲದ ಎರಡು ಮೂಲೆಯಿಂದ ಮೂಲೆಯ ಅಳತೆಗಳು ಸಮ ಇರಬೇಕು. 2400 × 1200ಕ್ಕೆ ಅದು 2683 ಮಿ.ಮೀ.

ಈಗ ಮೊದಲ ಹಾಳೆ, ಅಂದರೆ 9 ಮಿ.ಮೀ.ಯದು. ಅದರ ಮೇಲೆ ಪಟ್ಟಿಗಳ ನಡುಗೆರೆಗಳನ್ನು ಪೆನ್ಸಿಲ್‌ನಿಂದ ಎಳೆದಿಟ್ಟುಕೊಳ್ಳಿ, ಆಗ ಸ್ಕ್ರೂ ತಪ್ಪಿ ಟೊಳ್ಳಿಗೆ ಹೋಗುವುದಿಲ್ಲ. 2 ಮಿ.ಮೀ. ತೂತು ಮೊದಲೇ ಹಾಕಿ, ಇಲ್ಲದಿದ್ದರೆ ಪ್ಲೈವುಡ್ ಅಂಚು ಸೀಳುತ್ತದೆ. ಬಿಳಿ ಗೋಂದು ಹತ್ತು ನಿಮಿಷದೊಳಗೆ ಬಿಗಿಯಲು ಶುರುವಾಗುತ್ತದೆ. ಒಬ್ಬರು ರೋಲರ್‌ನಲ್ಲಿ ಹಚ್ಚುತ್ತಾ ಹೋಗಬೇಕು, ಇನ್ನೊಬ್ಬರು ಹಾಳೆ ಹಿಡಿದು ಕಾದಿರಬೇಕು. ನಡುವಿನಿಂದ ಶುರು ಮಾಡಿ ಅಂಚಿನ ಕಡೆಗೆ, 150 ಮಿ.ಮೀ.ಗೆ ಒಂದು ಸ್ಕ್ರೂ.

ಮರುದಿನ ಪೆಟ್ಟಿಗೆಯನ್ನು ಮಗುಚಿ. ಒಂದು ಮೂಲೆ ಹಿಡಿದು ಎತ್ತಿ ನೋಡಿ, ಅದು ಇನ್ನೂ ತಿರುಚುತ್ತದೆ. ಕೈಗೆ ಗೊತ್ತಾಗುವಷ್ಟು ಮೆತ್ತಗಿರುತ್ತದೆ. ಇನ್ನೊಂದು ಬದಿ ಮುಚ್ಚುವವರೆಗೂ ಹೀಗೇ. ಹಾಗಾಗಿ ಎರಡನೇ ಹಾಳೆ ಅಂಟಿಸುವ ಗಳಿಗೆಯೇ ಮುಖ್ಯ. ಅದಕ್ಕೆ ಮೊದಲು ಹಳಿಗಳನ್ನು ಮತ್ತೆ ದಾರ ಹಿಡಿದು ಪರೀಕ್ಷಿಸಿ. ಪೆಟ್ಟಿಗೆ ಮೂರೂ ಹಳಿಗೆ ಉದ್ದಕ್ಕೂ ತಾಗಿದೆಯೇ ನೋಡಿ. ಎಲ್ಲಾದರೂ ಕಾಗದ ನುಸುಳಿದರೆ ಅಲ್ಲಿ ಕ್ಲಾಂಪ್ ಹಾಕಿ ಕೆಳಗೆ ಕೂರಿಸಿ. ಆಮೇಲೆ 12 ಮಿ.ಮೀ. ಹಾಳೆಯನ್ನು ಗೋಂದು, ಸ್ಕ್ರೂ ಹಾಕಿ ಮುಚ್ಚಿ. ಸ್ಕ್ರೂ ತಲೆಗಳು ಮೇಲ್ಮೈಯಿಂದ ಒಳಗಿರಲಿ. ಮೇಲೆ ಸಮನಾಗಿ ಭಾರ ಹೇರಿ, 24 ಗಂಟೆ ಮುಟ್ಟಬೇಡಿ. ಇಷ್ಟಾದ ಮೇಲೆ ಅದೇ ಮೂಲೆ ಹಿಡಿದು ಎತ್ತಿ. ಇಡೀ ಮೇಜು ಒಂದೇ ತುಂಡಾಗಿ ಏಳುತ್ತದೆ. ನಿನ್ನೆಗೂ ಇವತ್ತಿಗೂ ಇರುವ ಆ ವ್ಯತ್ಯಾಸವನ್ನು ಒಮ್ಮೆ ಕೈಯಲ್ಲಿ ಅನುಭವಿಸಿದವರು ರೆಕ್ಕೆಯ ಕೊನೆಯ ತಗಡನ್ನು ಅವಸರದಲ್ಲಿ ಹೊಡೆಯುವುದಿಲ್ಲ.

18 ಮಿ.ಮೀ. ಎಂಡಿಎಫ್ ಅನ್ನು ಮಾತ್ರ ಅಂಟಿಸಬೇಡಿ, ಬರೀ ಸ್ಕ್ರೂ ಸಾಕು. ಅದು ತೂತಾಗುವ, ಗೀರಾಗುವ, ಮೊಳೆ ತಿನ್ನುವ ಪದರ. ಹಾಳಾದಾಗ ತೆಗೆದು ಮಗುಚಿ ಹಾಕಬಹುದು. ಕೂರಿಸುವ ಮೊದಲು ಎರಡೂ ಮುಖ ಮತ್ತು ನಾಲ್ಕೂ ಅಂಚಿಗೆ ವಾರ್ನಿಶ್ ಹೊಡೆಯಿರಿ. ಒಂದೇ ಬದಿಗೆ ಹೊಡೆದರೆ ಇನ್ನೊಂದು ಬದಿ ತೇವ ಹೀರಿ ಹಾಳೆ ಬಾಗುತ್ತದೆ.

ಕಾಲು ಮತ್ತು ಪಾದ

90 × 90 ಮಿ.ಮೀ. ಒಣಮರದ ನಾಲ್ಕು ಕಾಲು, ಸುತ್ತಲೂ ಮೇಲೆ ಕೆಳಗೆ ಅಡ್ಡಪಟ್ಟಿ, ಮೂರು ಬದಿಗೆ ಓರೆಪಟ್ಟಿ. ಮೇಜು ಪಕ್ಕಕ್ಕೆ ಅಲುಗದಂತೆ ತಡೆಯುವುದು ಈ ಓರೆಪಟ್ಟಿಯೇ. ಕೆಳಗೊಂದು ಹಲಗೆ ಹಾಕಿ ಭಾರದ ಸಾಮಾನು ಅಲ್ಲಿಟ್ಟರೆ ಇನ್ನೂ ಒಳ್ಳೆಯದು. ಮೇಲ್ಭಾಗವನ್ನು ಕಾಲುಗಳಿಗೆ ಬೋಲ್ಟಿನಿಂದ ಕೂರಿಸಿ, ಗೋಂದಿನಿಂದಲ್ಲ. ಮುಂದೊಂದು ದಿನ ಈ ಮೇಜು ಕೋಣೆಯ ಬಾಗಿಲಿನಿಂದ ಹೊರಗೆ ಹೋಗಬೇಕಲ್ವಾ. ಚಕ್ರ ಹಾಕುವ ಆಸೆ ಬಂದರೆ, ಕೆಲಸ ಮಾಡುವಾಗ ಭಾರ ಚಕ್ರದ ಮೇಲೆ ಬೀಳದೆ ಪಾದದ ಮೇಲೇ ಕೂರುವಂಥದ್ದನ್ನು ಹಾಕಿ.

ಪಾದಕ್ಕೆ ಎಂ16 ಬೋಲ್ಟು ನನ್ನ ಆಯ್ಕೆ. ಕಾಲಿನ ಬುಡಕ್ಕೆ ಉಕ್ಕಿನ ತಟ್ಟೆ ಬಿಗಿದು, ಅದಕ್ಕೆ ನಟ್ಟು ವೆಲ್ಡ್ ಮಾಡಿಸಿ. ಬೋಲ್ಟು ಮೇಲಕ್ಕೆ ಏರಲು ಕಾಲಿನಲ್ಲಿ ತೂತು ಇರಲಿ. ಎಂ16ರ ತಿರುಪಿನ ಎಳೆಯ ಅಂತರ 2 ಮಿ.ಮೀ. ಒಂದು ಸುತ್ತು ತಿರುಗಿಸಿದರೆ 2 ಮಿ.ಮೀ. ಏರುತ್ತದೆ. ತಲೆಗೆ ಆರು ಮುಖ. ಸ್ಪ್ಯಾನರ್ ಒಂದು ಮುಖದಷ್ಟು ತಿರುಗಿದರೆ 0.33 ಮಿ.ಮೀ. ಇಷ್ಟು ಸಣ್ಣ ಹೆಜ್ಜೆ ಸಿಕ್ಕರೆ ಮಟ್ಟ ಮಾಡುವುದು ಸಲೀಸು. ಬಿಗಿಯಲು ಇನ್ನೊಂದು ನಟ್ಟು ಬೇಕೇ ಬೇಕು.

ಮಟ್ಟ ಮಾಡುವುದು

ಮೊದಲು ನಿಮ್ಮ ರಸಮಟ್ಟವನ್ನೇ ಪರೀಕ್ಷಿಸಿ. ಒಂದು ಕಡೆ ಇಟ್ಟು ಗುಳ್ಳೆ ಎಲ್ಲಿದೆ ಗುರುತು ಮಾಡಿ. ಅದೇ ಜಾಗದಲ್ಲಿ ತುದಿ ಅದಲುಬದಲು ಮಾಡಿ ಇಡಿ. ಗುಳ್ಳೆ ನಿಮ್ಮ ಅದೇ ಕೈಯ ಕಡೆಗೆ ಅಷ್ಟೇ ಸರಿದಿದ್ದರೆ ರಸಮಟ್ಟ ಸರಿ, ವಾಲಿರುವುದು ಮೇಜು. ಬೇರೆ ಜಾಗಕ್ಕೆ ಹೋದರೆ ಆ ವ್ಯತ್ಯಾಸದ ಅರ್ಧ ರಸಮಟ್ಟದ್ದೇ ತಪ್ಪು. ಡಿಗ್ರಿ ತೋರಿಸುವ ಡಿಜಿಟಲ್ ಮಟ್ಟ ಚೆಂದವೇ, ಆದರೆ 0.1 ಡಿಗ್ರಿ ಅಂದರೆ ಮೀಟರಿಗೆ 1.7 ಮಿ.ಮೀ. ಅದೊಂದನ್ನೇ ನಂಬಬೇಡಿ.

ದೂರದ ಮೂಲೆಗಳಿಗೆ ನೀರಿನ ಟ್ಯೂಬ್‌ನಷ್ಟು ನಂಬಿಕೆಯದು ಇನ್ನೊಂದಿಲ್ಲ. ಅದರ ಎರಡೂ ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. 8 ಮಿ.ಮೀ. ಪಾರದರ್ಶಕ ಟ್ಯೂಬ್‌ಗೆ ನಿಧಾನವಾಗಿ ನೀರು ತುಂಬಿ. ಉದ್ದಕ್ಕೂ ಬೆರಳಾಡಿಸಿ ಗುಳ್ಳೆ ಓಡಿಸಿ. ಒಂದು ಗುಳ್ಳೆ ಉಳಿದರೂ ಅಳತೆ ಸುಳ್ಳಾಗಬಹುದು. ಓದುವಾಗ ಎರಡೂ ಬಾಯಿ ತೆರೆದಿರಬೇಕು. ಬೆರಳು ಅಡ್ಡ ಇದ್ದರೆ ನೀರು ಸರಿಯಾಗಿ ನಿಲ್ಲುವುದಿಲ್ಲ. ಟ್ಯೂಬ್‌ನಲ್ಲಿ ನೀರಿನ ಮೇಲ್ಮೈ ಬಟ್ಟಲಿನಂತೆ ಕಾಣುತ್ತದೆ, ಅದರ ತಳವನ್ನೇ ಯಾವಾಗಲೂ ಓದಿ. ಟ್ಯೂಬ್‌ನ ಒಂದು ಭಾಗ ಬಿಸಿಲಲ್ಲಿ, ಇನ್ನೊಂದು ನೆರಳಲ್ಲಿ ಇರದಂತೆ ನೋಡಿಕೊಳ್ಳಿ.

ನಾಲ್ಕು ಕಾಲನ್ನೂ ಒಟ್ಟಿಗೆ ತಿರುಗಿಸುತ್ತಾ ಕೂತರೆ ಸಂಜೆಯಾದರೂ ಮುಗಿಯುವುದಿಲ್ಲ. ಮೂರು ಬಿಂದುಗಳ ಮೇಲೆ ನಿಂತದ್ದು ಯಾವತ್ತೂ ಅಲ್ಲಾಡುವುದಿಲ್ಲ. ಹಾಗಾಗಿ ಒಂದು ತುದಿಯ ಎರಡು ಪಾದಗಳನ್ನು ನೆಲಕ್ಕೆ ಊರಿಸಿ. ಇನ್ನೊಂದು ತುದಿಯ ನಡುವೆ, ಅಡ್ಡಪಟ್ಟಿಯ ಕೆಳಗೆ, ಜಾಕ್ ಕೊಡಿ. ಆ ತುದಿಯ ಎರಡೂ ಪಾದ ನೆಲ ಬಿಟ್ಟಿರಲಿ. ಎರಡು ಪಾದ, ಒಂದು ಜಾಕ್, ಈ ಮೂರರ ಮೇಲೆ ಮೇಜನ್ನು ಪೂರ್ತಿ ಮಟ್ಟ ಮಾಡಿ. ಆಮೇಲೆ ಉಳಿದ ಎರಡು ಪಾದಗಳನ್ನು, ಕೆಳಗಿಟ್ಟ ಕಾಗದದ ಪಟ್ಟಿ ಎಳೆದರೆ ಸ್ವಲ್ಪ ಹಿಡಿಯುವಷ್ಟು ಮಾತ್ರ ಇಳಿಸಿ. ಜಾಕ್ ತೆಗೆದು ಮತ್ತೆ ಅಳೆಯಿರಿ. ನಟ್ಟು ಬಿಗಿದ ಮೇಲೆ ಇನ್ನೊಮ್ಮೆ.

ಕೊನೆಗೆ 2 ಮೀಟರ್ ನೇರ ಪಟ್ಟಿಯನ್ನು ಉದ್ದ, ಅಡ್ಡ, ಓರೆ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ) ತೂರಿಸಿ ನೋಡಿ. ತಗ್ಗು ಸಿಕ್ಕರೆ ಅಲ್ಲಿನ ಸ್ಕ್ರೂ ಸಡಿಲಿಸಿ, ಎಂಡಿಎಫ್ ಮತ್ತು ಪೆಟ್ಟಿಗೆಯ ನಡುವೆ ಕಾಗದ ಸೇರಿಸಿ ಬಿಗಿಯಿರಿ. ಉಪ್ಪುಕಾಗದ ಹಾಕಿ ಎಂಡಿಎಫ್ ಉಜ್ಜಲು ಹೋಗಬೇಡಿ, ಹೊಸ ತಗ್ಗು ಹುಟ್ಟುತ್ತದೆ.

ಎರಡು ಮೇಜು ಜೋಡಿಸುವುದಾದರೆ

ತುದಿಯ ಪಟ್ಟಿಗಳಲ್ಲಿ ಮೂರು ಎಂ10 ಬೋಲ್ಟು, ತೂತು 12 ಮಿ.ಮೀ. ಆ ಸಡಿಲದಲ್ಲಿ ಎರಡನ್ನೂ ಸರಿಸಿ ಸಮ ಮಾಡಿ ಬಿಗಿಯಬಹುದು. ಉದ್ದಕ್ಕೂ ನೇರ ಇದೆಯೇ ನೋಡಲು 0.5 ಮಿ.ಮೀ. ಪಿಯಾನೋ ತಂತಿ ಎಳೆಯಿರಿ. ಪಕ್ಕದ ಅಳತೆಗೆ ತಂತಿ ಪೂರ್ತಿ ನೇರ. ಮೇಲೆ ಕೆಳಗಿನ ಅಳತೆಗೆ ಮಾತ್ರ ಸ್ವಲ್ಪ ಲೆಕ್ಕ ಹಾಕಬೇಕು. 4.8 ಮೀಟರಿಗೆ 10 ಕೆಜಿ ತೂಕ ಕಟ್ಟಿ ಎಳೆದರೂ ತನ್ನ ಭಾರಕ್ಕೇ ನಡುವೆ ಸುಮಾರು 0.4 ಮಿ.ಮೀ. ಜೋಲುತ್ತದೆ.

ಕೆಲಸಕ್ಕೆ ತಕ್ಕ ಮೇಲ್ಮೈ

ಮೇಜಿನ ಮೇಲೆ ಒಂದು ಉದ್ದ ನಡುಗೆರೆ, ಅದಕ್ಕೆ ಮೂಲೆಮಟ್ಟವಾಗಿ ಅಡ್ಡಗೆರೆಗಳನ್ನು ಎಳೆಯಿರಿ. ಲಂಬ ಸರಿಯಿದೆಯೇ ಎಂದು 900, 1200, 1500 ಅಳತೆಯ ತ್ರಿಕೋನದಿಂದ ನೋಡಿ.

ತಗಡಿನ ಕೆಲಸಕ್ಕೆ ತೆಳು ಕಾರ್ಪೆಟ್ ಹಾಸಿ, ಡ್ರಿಲ್ ಮಾಡಿದ ಚೂರನ್ನು ಪ್ರತಿ ಸಲ ವ್ಯಾಕ್ಯೂಮ್ ಮಾಡಿ. ಅಲ್ಯೂಮಿನಿಯಂ ಮೇಲಿನ ಆಳವಾದ ಗೀರಿನಿಂದಲೇ ಬಿರುಕು ಶುರುವಾಗುತ್ತದೆ. ಮರದ ವಿಮಾನಕ್ಕೂ ಎಪಾಕ್ಸಿ ಕೆಲಸಕ್ಕೂ ಪಾಲಿಥಿನ್ ಹಾಳೆ ಹಾಸಿದರೆ ಭಾಗ ಮೇಜಿಗೆ ಅಂಟುವುದಿಲ್ಲ. ಉಕ್ಕಿನ ಕೊಳವೆಯ ಬಾಡಿ ಕಟ್ಟುವವರು ಕೊಳವೆಯ ಎರಡೂ ಬದಿಗೆ ಮರದ ತುಂಡು ಸ್ಕ್ರೂ ಮಾಡಿ ಹಿಡಿಸಬಹುದು. ಆದರೆ ವೆಲ್ಡ್ ಬರುವ ಕಡೆ ತುಂಡು ಇಡಬೇಡಿ, ಕೆಳಗೆ ತಗಡು ಹಾಸಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಮೇಜಿನ ಮೇಲೆ ಟ್ಯಾಕ್ (ಅಲ್ಲಲ್ಲಿ ಚುಕ್ಕೆಯಷ್ಟು ವೆಲ್ಡ್) ಮಾತ್ರ ಹಾಕಿ, ಪೂರ್ತಿ ವೆಲ್ಡಿಂಗ್ ಹೊರಗೆ ಮಾಡಿ. ವೆಲ್ಡ್ ಮುಗಿದು ಒಂದೆರಡು ಗಂಟೆ ಅಲ್ಲೇ ಇದ್ದು ನೋಡಿಕೊಳ್ಳಿ. ಎಂಡಿಎಫ್ ಒಳಗೊಳಗೇ ಕನಲುತ್ತದೆ.

ಮೇಜನ್ನು ಜರುಗಿಸಿದಾಗ, ಹವೆ ಬದಲಾದಾಗ, ಮತ್ತು ಯಾವುದೇ ಭಾಗವನ್ನು ಮುಚ್ಚುವ ಹಿಂದಿನ ದಿನ ಮತ್ತೆ ಅಳೆಯಿರಿ. ಎರಡು ದಾರ, ನೀರಿನ ಟ್ಯೂಬ್, ನೇರ ಪಟ್ಟಿ ಇಷ್ಟಿದ್ದರೆ ಅರ್ಧ ಗಂಟೆಯ ಕೆಲಸ. ನಾಲ್ಕು ಮೂಲೆಯ ಅಳತೆಯನ್ನು ತಾರೀಖಿನ ಜೊತೆ ಮೇಜಿನ ಅಂಚಿನ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಹಿಂದಿನ ಸಲದ ಅಂಕಿಗೂ ಇವತ್ತಿನದಕ್ಕೂ 1 ಮಿ.ಮೀ.ಗಿಂತ ಜಾಸ್ತಿ ಫರಕು ಕಂಡರೆ ರಿವೆಟ್ ಗನ್ ಕೆಳಗಿಡಿ, ಸ್ಪ್ಯಾನರ್ ತಗೊಂಡು ಪಾದದ ಹತ್ತಿರ ಹೋಗಿ.